ಇಸಿಜಿ ನಾರ್ಮಲ್ ಬಂದರೂ ಭಯ ಯಾಕೆ ಹೋಗುವುದಿಲ್ಲ?

2025ರ ಜೂನ್ ಕೊನೆ, ಜುಲೈ ಮೊದಲ ವಾರಗಳಲ್ಲಿ ಕನ್ನಡ ಟಿವಿ ನೋಡಿದವರಿಗೆ ಹಾಸನದ ಲೆಕ್ಕ ನೆನಪಿರುತ್ತದೆ. ಜಿಲ್ಲೆಯಲ್ಲಿ ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ತೀರಿಕೊಂಡರು ಎಂಬ ಸುದ್ದಿ. ಬೆಳಗ್ಗೆ ಒಂದು ಸಂಖ್ಯೆ, ಸಂಜೆಗೆ ಇನ್ನೊಂದು. ಸತ್ತವರಲ್ಲಿ ತೀರಾ ಚಿಕ್ಕ ವಯಸ್ಸಿನವರೂ ಇದ್ದರು. ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗಿನ ಜಾವದಿಂದಲೇ ಕ್ಯೂ ನಿಂತಿತು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹೋದಾಗಲೂ ಹೀಗೇ ಆಗಿತ್ತು. ‘ಅಷ್ಟು ಫಿಟ್ ಆಗಿದ್ದವರಿಗೇ ಹೀಗಾದ್ರೆ ನಮ್ಮ ಗತಿ ಏನು’ ಎನ್ನುತ್ತಾ ಜನ ಆಸ್ಪತ್ರೆಗೆ ಓಡಿದ್ದರು.

ಹಾಸನದ ವಿಷಯದಲ್ಲಿ ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ಸಮಿತಿ ಮಾಡಿತು. ಹಿಂದಿನ ಅವಧಿಗೆ ಹೋಲಿಸಿದರೆ ಅಸಹಜ ಏರಿಕೆ ಕಾಣುತ್ತಿಲ್ಲ ಎಂದು ಸಮಿತಿ ಹೇಳಿತು. ಕ್ಯೂ ಕರಗಿತು. ಆದರೆ ಇಂಥ ಪ್ರತಿ ಅಲೆಯ ನಂತರವೂ ಕೆಲವರಲ್ಲಿ ಭಯ ಉಳಿದುಬಿಡುತ್ತದೆ. ಅವರ ಕೈಯಲ್ಲಿ ಇಸಿಜಿ ಇದೆ, ಎಕೋ (ಹೃದಯದ ಸ್ಕ್ಯಾನ್) ಇದೆ, ಟ್ರೆಡ್‌ಮಿಲ್ ಮೇಲೆ ನಡೆಸಿ ನೋಡುವ ಟಿಎಂಟಿ ರಿಪೋರ್ಟೂ ಇದೆ. ಎಲ್ಲ ನಾರ್ಮಲ್. ‘ಏನೂ ಇಲ್ಲ, ಟೆನ್ಶನ್ ಮಾಡ್ಕೋಬೇಡಿ’ ಎಂದು ಡಾಕ್ಟರು ಕಳಿಸಿದ್ದಾರೆ. ಎರಡು ದಿನ ನಿದ್ದೆ ಚೆನ್ನಾಗಿ ಬರುತ್ತದೆ. ಆಮೇಲೆ ಒಂದು ರಾತ್ರಿ ಮತ್ತೆ ಕೈ ಎದೆಯ ಮೇಲೆ ಹೋಗುತ್ತದೆ.

ಮಾತಿನ ಚಿಕಿತ್ಸೆ ಅಂದರೆ ಏನು ಎಂದು ತಿಳಿಯಲು ಇವರ ಕಷ್ಟವನ್ನು ನೋಡಿದರೆ ಸಾಕು. ಥೆರಪಿ ಅಂದರೆ ಯಾರೋ ಕೂತು ಧೈರ್ಯ ಹೇಳುವುದು, ‘ಪಾಸಿಟಿವ್ ಆಗಿ ಯೋಚನೆ ಮಾಡಿ’ ಎಂದು ಕಲಿಸುವುದು ಎಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಧೈರ್ಯ ಹೇಳಿದರೆ ಹೋಗುವ ಭಯವಾಗಿದ್ದರೆ ಮೊದಲ ಇಸಿಜಿಗೇ ಹೋಗಬೇಕಿತ್ತು, ಅಲ್ವಾ? ಥೆರಪಿ ಮಾಡುವುದು ಬೇರೆಯದೇ ಕೆಲಸ. ಮನಸ್ಸಿಗೆ ಬಂದ ಯೋಚನೆಯನ್ನು ಒಂದು ಊಹೆ ಎಂದು ಎದುರಿಗಿಟ್ಟು, ಅದು ನಿಜವೋ ಅಲ್ಲವೋ ಎಂದು ಬದುಕಿನಲ್ಲೇ ಪರೀಕ್ಷೆ ಮಾಡಿಸುತ್ತದೆ.

ಅದಕ್ಕೂ ಮೊದಲು ಒಂದು ಮಾತು. ಎದೆನೋವನ್ನು ‘ಮನಸ್ಸಿನದ್ದು’ ಎಂದು ತಳ್ಳಿಹಾಕುವ ಹಕ್ಕು ಯಾರಿಗೂ ಇಲ್ಲ. ನಡೆದಾಗ, ಹತ್ತಿದಾಗ ಎದೆ ಬಿಗಿದು, ನೋವು ಎಡಗೈಗೋ ದವಡೆಗೋ ಹರಡಿ, ಬೆವರು ಕಿತ್ತುಕೊಂಡು ಬಂದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಹೆಂಗಸರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಲಕ್ಷಣ ಇಷ್ಟು ಸ್ಪಷ್ಟ ಇರದೆಯೂ ಇರಬಹುದು. ಇದಕ್ಕೆಂದೇ ಪುನೀತ್ ಹೆಸರಿನಲ್ಲಿ ರಾಜ್ಯದ ಹೃದಯ ಜ್ಯೋತಿ ಯೋಜನೆ ಇದೆ. ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸುತ್ತಾರೆ. ಬೇಕಿದ್ದರೆ ಅಲ್ಲೇ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುತ್ತಾರೆ. ಮೊದಲು ಹೃದಯದ ಪರೀಕ್ಷೆ ಆಗಲಿ. ನಾನು ಹೇಳಹೊರಟಿರುವುದು ಅದಾದ ನಂತರದ ಕಥೆ.

ಭಯ ತನ್ನನ್ನು ತಾನೇ ಸಾಕಿಕೊಳ್ಳುವ ಬಗೆ

ಅರಸೀಕೆರೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿರುವ, ನಲವತ್ತರ ಹತ್ತಿರದ ಒಬ್ಬರನ್ನು ಕಲ್ಪಿಸಿಕೊಳ್ಳೋಣ. ರವಿ ಎಂದಿರಲಿ. ಬೆಳಗ್ಗೆ ಶಟರ್ ಎತ್ತುವಾಗ ಎದೆಯ ಸ್ನಾಯು ಹಿಡಿದುಕೊಂಡಿತು. ಅಷ್ಟೇ ಆಗಿದ್ದರೆ ಮಧ್ಯಾಹ್ನದೊಳಗೆ ಮರೆತುಹೋಗುತ್ತಿತ್ತು. ಆದರೆ ಹಿಂದಿನ ರಾತ್ರಿ ಟಿವಿಯಲ್ಲಿ ತಮ್ಮದೇ ವಯಸ್ಸಿನ ಒಬ್ಬರು ಕುಸಿದುಬಿದ್ದ ಸಿಸಿಟಿವಿ ದೃಶ್ಯವನ್ನು ನಾಲ್ಕು ಸಲ ತೋರಿಸಿದ್ದರು. ‘ಇದು ಅದೇ’ ಎಂದಿತು ಮನಸ್ಸು.

ಆ ಎರಡು ಪದಗಳು ಬಂದ ಮರುಕ್ಷಣ ದೇಹ ಎಚ್ಚರವಾಗುತ್ತದೆ. ಎದೆ ಡವಡವ ಹೊಡೆದುಕೊಳ್ಳುತ್ತದೆ. ಉಸಿರು ಜೋರಾಗುತ್ತದೆ. ಅಗತ್ಯಕ್ಕಿಂತ ಜಾಸ್ತಿ ಉಸಿರಾಡಿದರೆ ರಕ್ತದಲ್ಲಿ ಕಾರ್ಬನ್ ಡೈ ಆಕ್ಸೈಡ್ ಕಡಿಮೆಯಾಗುತ್ತದೆ. ಆಗ ಬೆರಳ ತುದಿ ಜುಮ್ಮೆನ್ನುತ್ತದೆ, ತಲೆ ಹಗುರಾಗುತ್ತದೆ, ಎದೆ ಇನ್ನಷ್ಟು ಬಿಗಿಯುತ್ತದೆ. ರವಿಗೆ ಇವೆಲ್ಲ ಸಾಕ್ಷಿಗಳಾಗಿ ಕಾಣುತ್ತವೆ. ‘ಕೈ ಜುಮ್ ಅಂತಿದೆ, ಇನ್ನು ಅನುಮಾನವೇ ಇಲ್ಲ.’ ಭಯ ಹುಟ್ಟಿಸಿದ ಲಕ್ಷಣವೇ ಭಯಕ್ಕೆ ಪುರಾವೆಯಾಯಿತು. ಪ್ಯಾನಿಕ್ ಅಟ್ಯಾಕ್ ಹೀಗೆ ಬೆಳೆಯುತ್ತದೆ ಎಂದು ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ 1986ರಲ್ಲಿ ವಿವರಿಸಿದರು. ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಅದು ತುತ್ತತುದಿ ಮುಟ್ಟಿ ತಾನಾಗಿಯೇ ಇಳಿಯುತ್ತದೆ. ಒಳಗಿದ್ದವರಿಗೆ ಮಾತ್ರ ಸಾವು ಬಂದು ಹೋದ ಹಾಗಿರುತ್ತದೆ. ಅದನ್ನು ‘ಸುಮ್ನೆ ಹೆದರಿಕೊಂಡ’ ಎನ್ನುವುದು ತಪ್ಪು. ಅವರ ಹೃದಯ ನಿಜಕ್ಕೂ ಓಡುತ್ತಿತ್ತು, ಉಸಿರು ನಿಜಕ್ಕೂ ಜೋರಾಗಿತ್ತು. ಅದಕ್ಕೆ ಅವರು ಕೊಟ್ಟ ಅರ್ಥ ಒಂದೇ ತಪ್ಪಾಗಿತ್ತು.

ಆಮೇಲೆ ನಡೆಯುವುದೇ ಮುಖ್ಯ. ರವಿ ಶಟರ್ ಎತ್ತುವುದನ್ನು ಹುಡುಗನಿಗೆ ಬಿಡುತ್ತಾರೆ. ಮೆಟ್ಟಿಲು ಬಿಟ್ಟು ಲಿಫ್ಟ್. ಸಂಜೆಯ ವಾಕಿಂಗ್ ನಿಂತಿತು. ಜೇಬಿನಲ್ಲಿ ಸದಾ ಒಂದು ಮಾತ್ರೆ. ಸ್ಮಾರ್ಟ್ ವಾಚಿನಲ್ಲಿ ಗಂಟೆಗೆ ಹತ್ತು ಸಲ ನಾಡಿ ನೋಡುತ್ತಾರೆ. ಬಚ್ಚಲ ಬಾಗಿಲ ಚಿಲಕ ಹಾಕುವುದಿಲ್ಲ. ರಾತ್ರಿ ಹೆಂಡತಿಯನ್ನು ಎಬ್ಬಿಸಿ, ‘ನೋಡೇ, ಎದೆ ಜೋರಾಗಿ ಹೊಡ್ಕೊಳ್ತಿದೆಯಾ?’ ಎಂದು ಕೇಳುತ್ತಾರೆ. ಅವರು, ‘ಏನಿಲ್ಲ ರೀ, ಮಲ್ಕೊಳ್ಳಿ’ ಎನ್ನುತ್ತಾರೆ. ಭಯ ಇಳಿಯುತ್ತದೆ. ಮರುದಿನ ಅದೇ ಪ್ರಶ್ನೆ.

ಕಾಪಾಡಿಕೊಳ್ಳಲೆಂದು ಮಾಡುವ ಈ ಸಣ್ಣ ಸಣ್ಣ ಕೆಲಸಗಳೇ ಭಯವನ್ನು ಉಳಿಸುತ್ತವೆ ಎಂಬುದು ಮನಶ್ಶಾಸ್ತ್ರ ಕಂಡುಕೊಂಡ ಬಹಳ ಉಪಯುಕ್ತ ಸಂಗತಿಗಳಲ್ಲಿ ಒಂದು. ಮೆಟ್ಟಿಲು ಹತ್ತಲಿಲ್ಲ, ಏನೂ ಆಗಲಿಲ್ಲ. ಇದರಿಂದ ‘ನನ್ನ ಹೃದಯ ಗಟ್ಟಿಯಾಗಿದೆ’ ಎಂಬ ಪಾಠ ಮನಸ್ಸಿಗೆ ಸಿಗುವುದಿಲ್ಲ. ‘ಹತ್ತಲಿಲ್ಲ, ಅದಕ್ಕೇ ಬದುಕಿದೆ’ ಎಂಬ ಪಾಠ ಸಿಗುತ್ತದೆ. ಹೆಂಡತಿ ‘ಏನಿಲ್ಲ’ ಎಂದಾಗ ಸಿಗುವ ನೆಮ್ಮದಿಯೂ ಅಷ್ಟೇ, ತುರಿಕೆ ಕೆರೆದಾಗ ಸಿಗುವ ಸುಖ. ಕೆರೆದಷ್ಟೂ ತುರಿಕೆ ಬೇಗ ಬರುತ್ತದೆ. ಎರಡನೇ ಇಸಿಜಿ, ಮೂರನೇ ಇಸಿಜಿ ಕೆಲಸ ಮಾಡದಿರುವುದು ಈ ಕಾರಣಕ್ಕೇ. ಕಾಗದದಲ್ಲಿ ತಪ್ಪಿಲ್ಲ. ಆದರೆ ನಿನ್ನೆ ತೆಗೆದ ಕಾಗದ ಇವತ್ತಿನ ಎದೆಬಡಿತದ ಬಗ್ಗೆ ಏನೂ ಹೇಳುವುದಿಲ್ಲ ಎಂದು ಭಯ ವಾದ ಮಾಡುತ್ತದೆ. ಆ ವಾದಕ್ಕೆ ಕೊನೆಯಿಲ್ಲ.

ಒಂದು ಸಣ್ಣ ಲೆಕ್ಕ

ಟಿವಿಯ ಸಂಖ್ಯೆ ಯಾಕೆ ಅಷ್ಟು ಹೆದರಿಸಿತು? ಸುಲಭವಾಗಿ ನೆನಪಿಗೆ ಬರುವುದನ್ನು ನಮ್ಮ ಮನಸ್ಸು ಜಾಸ್ತಿ ನಡೆಯುತ್ತಿದೆ ಎಂದು ತಿಳಿಯುತ್ತದೆ. 2011ರ ಜನಗಣತಿಯಂತೆ ಹಾಸನ ಜಿಲ್ಲೆಯ ಜನಸಂಖ್ಯೆ ಸುಮಾರು 17.76 ಲಕ್ಷ. ನಮ್ಮಲ್ಲಿ ವರ್ಷಕ್ಕೆ ಸಾವಿರಕ್ಕೆ ಸುಮಾರು 6 ಸಾವು ಎಂದಿಟ್ಟುಕೊಂಡರೆ, ಜಿಲ್ಲೆಯಲ್ಲಿ ವರ್ಷಕ್ಕೆ ಹತ್ತು ಸಾವಿರದ ಮೇಲೆ, ದಿನಕ್ಕೆ 29ರಷ್ಟು. ದೇಶದ ಸಾವುಗಳಲ್ಲಿ ಕಾಲುಭಾಗವಾದರೂ ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದ ಆಗುತ್ತದೆ. ಅಂದರೆ ಯಾವುದೇ 40 ದಿನ ತೆಗೆದುಕೊಂಡರೂ ಇಂಥ ಸಾವುಗಳು ಇನ್ನೂರತೊಂಬತ್ತರ ಆಸುಪಾಸು ಇರಬೇಕು. ಇದು ಕೈಲೆಕ್ಕ, ಅಂದಾಜು ಮಾತ್ರ.

ಇಷ್ಟಕ್ಕೇ ‘ಎಲ್ಲ ಮಾಧ್ಯಮದ ಸೃಷ್ಟಿ’ ಎಂದುಬಿಡುವುದೂ ಸೋಮಾರಿತನ. ಆ ಇನ್ನೂರತೊಂಬತ್ತರಲ್ಲಿ ಹೆಚ್ಚಿನವರು ವಯಸ್ಸಾದವರು. ಟಿವಿಯಲ್ಲಿ ಕಂಡವರಲ್ಲಿ ಅನೇಕರು ಎಳೆಯರು. ಭಾರತೀಯರಿಗೆ ಹೃದಯಾಘಾತ ಪಶ್ಚಿಮದವರಿಗಿಂತ ಕಡಿಮೆ ವಯಸ್ಸಿಗೇ ಬರುತ್ತದೆ ಎಂಬುದು ವೈದ್ಯರು ಬಹಳ ಕಾಲದಿಂದ ಹೇಳುತ್ತಿರುವ ಮಾತು. ಬೀಡಿ ಸಿಗರೇಟು, ಸಕ್ಕರೆ, ಬಿಪಿ, ಬೊಜ್ಜು ಇವು ನಿಜವಾದ ಚಿಂತೆಗಳು. ಥೆರಪಿಯ ಗುರಿ ಚಿಂತೆಯನ್ನು ಸೊನ್ನೆ ಮಾಡುವುದಲ್ಲ. ಎಷ್ಟು ಬೇಕೋ ಅಷ್ಟಕ್ಕೆ ತರುವುದು. ವಿಚಿತ್ರ ನೋಡಿ, ಹೃದಯದ ಭಯಕ್ಕೆ ವಾಕಿಂಗ್ ಬಿಟ್ಟ ರವಿ ಸಿಗರೇಟು ಬಿಟ್ಟಿಲ್ಲ.

ಕೋಣೆಯೊಳಗೆ ಏನು ನಡೆಯುತ್ತದೆ

ಯೋಚನೆಯನ್ನು ಹಿಡಿದು ಪರೀಕ್ಷಿಸುವ ಈ ಪದ್ಧತಿಗೆ ಕಾಗ್ನಿಟಿವ್ ಬಿಹೇವಿಯರ್ ಥೆರಪಿ, ಸಿಬಿಟಿ ಎನ್ನುತ್ತಾರೆ. ಇದರ ಒಂದು ಬೇರು ಅಮೆರಿಕದ ಮನೋವೈದ್ಯ ಆರನ್ ಬೆಕ್ (1921–2021). ಫ್ರಾಯ್ಡ್ ಪರಂಪರೆಯಲ್ಲಿ ತರಬೇತಾದವರು. ಖಿನ್ನತೆಯ ರೋಗಿಗಳು ಮಾತಾಡುವಾಗ, ಹೇಳುತ್ತಿರುವ ಮಾತಿನ ಜೊತೆಗೇ ಇನ್ನೊಂದು ಸಾಲು ಯೋಚನೆ ಒಳಗೆ ಹರಿಯುತ್ತಿರುವುದನ್ನು 1960ರ ಸುಮಾರಿಗೆ ಅವರು ಗಮನಿಸಿದರು. ‘ನಾನು ಬೋರ್ ಹೊಡೆಸ್ತಿದೀನಿ, ಡಾಕ್ಟರಿಗೆ ನನ್ನ ಕಂಡರೆ ಆಗಲ್ಲ’ ಎಂಬ ಬಗೆಯವು. ಕ್ಷಣದಲ್ಲಿ ಬಂದು ಹೋಗುವ, ಯಾರೂ ಕರೆಯದೆ ಬರುವ, ಬಂದವರಿಗೆ ಸತ್ಯವೆಂದೇ ಕಾಣುವ ಯೋಚನೆಗಳು. ಇನ್ನೊಂದು ಬೇರು ಅಮೆರಿಕದ್ದೇ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಎಲಿಸ್. ಘಟನೆ ನೇರವಾಗಿ ನೋವು ಕೊಡುವುದಿಲ್ಲ, ನಡುವೆ ನಮ್ಮ ನಂಬಿಕೆ ಕೂತಿರುತ್ತದೆ ಎಂದು ಅವರು 1955ರಿಂದಲೇ ಹೇಳತೊಡಗಿದ್ದರು.

ರವಿ ಥೆರಪಿಸ್ಟ್ ಬಳಿ ಹೋದರೆ ಮೊದಲ ಕೆಲಸ ಬರೆಯುವುದು. ಯಾವಾಗ, ಎಲ್ಲಿದ್ದಾಗ, ಆಗ ಏನು ಯೋಚನೆ ಬಂತು, ಎಷ್ಟು ನಂಬಿದಿರಿ, ಮೈಯಲ್ಲಿ ಏನಾಯಿತು, ಏನು ಮಾಡಿದಿರಿ. ನೋಟ್ ಪುಸ್ತಕದಲ್ಲಿ ಆರು ಕಾಲಂ, ಅಷ್ಟೇ. ಬಹಳ ಜನಕ್ಕೆ ಇದು ಸ್ಕೂಲಿನ ಹೋಮ್‌ವರ್ಕ್ ಎನಿಸಿ ಬೇಜಾರು. ಆದರೆ ಎರಡು ವಾರ ಬರೆದ ಮೇಲೆ ಪುಟವೇ ಮಾತಾಡುತ್ತದೆ. ಅಂಗಡಿಯಲ್ಲಿ ಗಿರಾಕಿ ತುಂಬಿದಾಗ ಒಂದು ಸಲವೂ ಆಗಿಲ್ಲ. ರಾತ್ರಿ ಊಟ ಆಗಿ ಮೊಬೈಲ್ ಹಿಡಿದಾಗ, ಭಾನುವಾರ ಮಧ್ಯಾಹ್ನ, ಸಾಲದ ಕಂತಿನ ದಿನ, ಆಗಲೇ ಜಾಸ್ತಿ. ರೋಗಗ್ರಸ್ತ ಹೃದಯ ಗಿರಾಕಿ ಬಂದಾಗ ಸುಮ್ಮನಿದ್ದು, ಕಂತಿನ ದಿನ ನೋಡಿ ಕೈಕೊಡುವುದಿಲ್ಲ.

ಆಮೇಲೆ ಪ್ರಶ್ನೆಗಳು. ಒಳ್ಳೆಯ ಥೆರಪಿಸ್ಟ್ ವಾದಕ್ಕೆ ನಿಲ್ಲುವುದಿಲ್ಲ. ಎದೆ ಬಿಗಿಯಲು ಏನೇನು ಕಾರಣ ಇರಬಹುದು ಎಂದು ರವಿಯ ಬಾಯಲ್ಲೇ ಪಟ್ಟಿ ಮಾಡಿಸುತ್ತಾರೆ. ಗ್ಯಾಸ್ಟ್ರಿಕ್, ಸ್ನಾಯು, ದಿನಕ್ಕೆ ಆರು ಕಾಫಿ, ನಿದ್ದೆಗೆಟ್ಟಿದ್ದು, ಭಯ, ಹೃದಯ. ಒಂದೊಂದಕ್ಕೂ ಎಷ್ಟು ಪಾಲು ಎಂದು ಕೇಳುತ್ತಾರೆ, ಹೃದಯವನ್ನು ಕೊನೆಗೆ ಇಡುತ್ತಾರೆ. ಉಳಿದವಕ್ಕೆಲ್ಲ ಹಂಚಿದ ಮೇಲೆ ಹೃದಯಕ್ಕೆ ಉಳಿಯುವ ಚೂರು ನೋಡಿ ಎಷ್ಟೋ ಸಲ ರೋಗಿಗೇ ನಗು ಬರುತ್ತದೆ.

ಇನ್ನೊಂದು ವಿಧಾನ ಕೆಳಕ್ಕೆ ಇಳಿಯುವುದು. ‘ಹೃದಯಾಘಾತ ಆಯಿತು ಅಂತಲೇ ಇಟ್ಟುಕೊಳ್ಳೋಣ. ಆದರೆ ಏನು?’ ‘ಸಾಯ್ತೀನಿ.’ ‘ಅದರಲ್ಲಿ ನಿಮಗೆ ಎಲ್ಲಕ್ಕಿಂತ ಕಷ್ಟ ಅನಿಸೋದು ಯಾವುದು?’ ಇಲ್ಲಿ ರವಿ ಸ್ವಲ್ಪ ಹೊತ್ತು ಮಾತಾಡುವುದಿಲ್ಲ. ‘ಮಗಳು ಇನ್ನೂ ಎಂಟನೇ ಕ್ಲಾಸು. ಅಂಗಡಿ ಸಾಲ ಎಷ್ಟಿದೆ ಅಂತ ಮನೇಲಿ ಯಾರಿಗೂ ಗೊತ್ತಿಲ್ಲ.’ ಹೃದಯದ ಭಯದ ಕೆಳಗೆ ಸಾಲದ ಗುಟ್ಟು ಕೂತಿತ್ತು. ಇದಕ್ಕೆ ಉಸಿರಾಟದ ವ್ಯಾಯಾಮ ಬೇಡ. ಹೆಂಡತಿಯ ಜೊತೆ ಕೂತು ಲೆಕ್ಕ ತೆರೆಯಬೇಕು, ಒಂದು ಟರ್ಮ್ ವಿಮೆ ಮಾಡಿಸಬೇಕು, ಕಾಗದಪತ್ರ ಎಲ್ಲಿದೆ ಎಂದು ಬರೆದಿಡಬೇಕು. ನನ್ನ ಮಟ್ಟಿಗೆ ಸಿಬಿಟಿಯ ದೊಡ್ಡ ಗುಣ ಇದೇ. ಯಾವುದು ಯೋಚನೆಯ ತಪ್ಪು, ಯಾವುದು ಬಗೆಹರಿಸಬೇಕಾದ ನಿಜವಾದ ಸಮಸ್ಯೆ ಎಂದು ಬೇರೆ ಬೇರೆ ಮಾಡಿಕೊಡುತ್ತದೆ.

ಕೊನೆಗೆ ಪ್ರಯೋಗ. ಕಾರ್ಡಿಯಾಲಜಿಸ್ಟ್ ಒಪ್ಪಿಗೆ ಇದ್ದರೆ ಥೆರಪಿಸ್ಟ್ ತಮ್ಮ ಎದುರಿಗೇ ರವಿಗೆ ಒಂದು ನಿಮಿಷ ಜೋರಾಗಿ ಉಸಿರಾಡಲು ಹೇಳುತ್ತಾರೆ. ಅದೇ ಜುಮ್, ಅದೇ ತಲೆಸುತ್ತು, ಅದೇ ಬಿಗಿತ ಬರುತ್ತದೆ. ಬೇಕೆಂದು ತರಿಸಿದ್ದು, ತಾನಾಗಿ ಹೋಗುತ್ತದೆ. ಮುಂದೆ ಮೆಟ್ಟಿಲು, ಶಟರ್, ಮಾತ್ರೆ ಇಲ್ಲದ ಜೇಬು, ವಾಚ್ ಇಲ್ಲದ ಒಂದು ದಿನ. ಪ್ರತಿ ಸಲ ಮೊದಲೇ ಬರೆದಿಡಬೇಕು: ಏನಾಗುತ್ತದೆ ಎಂದುಕೊಂಡಿದ್ದೇನೆ? ಆಮೇಲೆ: ಏನಾಯಿತು? ಮಾತಿನಲ್ಲಿ ಹೇಳಿದ ಧೈರ್ಯ ಮಾಡದ ಕೆಲಸವನ್ನು ಇದು ಮಾಡುತ್ತದೆ. ಇದನ್ನು ಓದಿ ಯಾರೂ ಮನೆಯಲ್ಲಿ ಒಬ್ಬರೇ ಮಾಡಲು ಹೋಗಬೇಡಿ. ಹೃದಯದ ಕಾಯಿಲೆ, ಅಸ್ತಮಾ, ಫಿಟ್ಸ್ ಇರುವವರಂತೂ ಬೇಡವೇ ಬೇಡ.

ಹೆಂಡತಿಗೂ ಇದರಲ್ಲಿ ಪಾಲಿದೆ. ‘ಏನಿಲ್ಲ ರೀ’ ಬದಲು, ‘ಡಾಕ್ಟರು ಈ ಪ್ರಶ್ನೆಗೆ ಉತ್ತರ ಕೊಡಬೇಡ ಅಂದಿದಾರೆ ಅಲ್ವಾ? ಬನ್ನಿ, ಹತ್ತು ನಿಮಿಷ ನಿಮ್ಮ ಜೊತೆ ಕೂತಿರ್ತೀನಿ’ ಎನ್ನಬೇಕು. ಮೊದಲ ವಾರ ಇದು ಕಲ್ಲುಮನಸ್ಸು ಎನಿಸುತ್ತದೆ. ಅತ್ತೆ ಪಕ್ಕದಲ್ಲೇ ಇದ್ದರೆ ಇನ್ನೂ ಕಷ್ಟ.

ಹೆಸರುಗಳ ಹುಚ್ಚು

ಯೋಚನೆ ಹಿಡಿಯುವ ಅಡ್ಡದಾರಿಗಳಿಗೆ ಪಟ್ಟಿಗಳಿವೆ. ಇಂದು ಅವು ರೀಲ್ಸ್‌ನಲ್ಲಿ ದಿನಾ ಬರುತ್ತವೆ. ಸಣ್ಣದನ್ನು ದುರಂತದವರೆಗೆ ಎಳೆಯುವುದು: ರವಿಯದು ಅದು. ಭಯ ಆಗುತ್ತಿದೆ ಅಂದ ಮೇಲೆ ಅಪಾಯ ಇದ್ದೇ ಇದೆ ಎನ್ನುವುದು: ಅದೂ ಅವರದೇ. ಎದುರಿನವರ ಮನಸ್ಸು ಓದುವುದು ನಮ್ಮ ಮದುವೆ ಮನೆಗಳ ಮುಖ್ಯ ಕೆಲಸ. ಓರಗಿತ್ತಿ ಊಟದ ಪಂಕ್ತಿಯಲ್ಲಿ ಮಾತಾಡಿಸಲಿಲ್ಲ, ಅಂದರೆ ಸೈಟಿನ ವಿಷಯ ಇನ್ನೂ ಮನಸ್ಸಲ್ಲಿಟ್ಟುಕೊಂಡಿದ್ದಾರೆ. ಅವರಿಗೆ ಬರೀ ತಲೆನೋವಿತ್ತು ಎಂಬ ಸಾಧ್ಯತೆ ಯಾರಿಗೂ ಹೊಳೆಯುವುದಿಲ್ಲ. ಎಲ್ಲಾ ಇಲ್ಲವೇ ಏನೂ ಇಲ್ಲ ಎನ್ನುವುದು ಪರೀಕ್ಷೆ ಫಲಿತಾಂಶದ ವಾರ ಜೋರು. ಎಸ್ಸೆಸ್ಸೆಲ್ಸಿ, ಪಿಯುಸಿಗೆ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಆದರೂ ಮೊದಲ ಪರೀಕ್ಷೆಯಲ್ಲಿ ಫೇಲಾದ ಹುಡುಗನಿಗೆ ಬದುಕೇ ಮುಗಿಯಿತು ಎನಿಸುತ್ತದೆ. ಹಾಗೆನಿಸುವುದರಲ್ಲಿ ಮನೆಯವರ ಮುಖವೂ ಸೇರಿರುತ್ತದೆ. ಮಗುವಿಗೆ ಜ್ವರ ಬಂದರೆ ‘ನಾನೇ ಸರಿಯಾಗಿ ನೋಡ್ಕೊಳ್ಳಲಿಲ್ಲ’ ಎಂದು ಎಲ್ಲವನ್ನೂ ಮೈಮೇಲೆ ಹಾಕಿಕೊಳ್ಳುವುದು ತಾಯಂದಿರಿಗೆ ಅಂಟಿದ ರೋಗ, ಅಂಟಿಸಿದ್ದು ನಾವೇ.

ಒಂದಕ್ಕೆ ಮಾತ್ರ ನನ್ನ ತಕರಾರಿದೆ. ಹೊಗಳಿದರೆ ‘ಅಯ್ಯೋ, ಏನಿಲ್ಲ, ದೇವರ ದಯೆ’ ಎನ್ನುವುದನ್ನು ಕೆಲವರು ಒಳ್ಳೆಯದನ್ನು ತಳ್ಳಿಹಾಕುವ ಯೋಚನೆ ಎಂದು ಪಟ್ಟಿಗೆ ಸೇರಿಸುತ್ತಾರೆ. ನಮ್ಮಲ್ಲಿ ಅದು ಮಾತಿನ ಮರ್ಯಾದೆ. ಆ ಮಾತು ಹೇಳಿ ಒಳಗೊಳಗೇ ಖುಷಿಪಟ್ಟವರಿಗೆ ಯಾವ ಚಿಕಿತ್ಸೆಯೂ ಬೇಡ. ಒಳಗೂ ಅದನ್ನೇ ನಂಬಿ ಕುಗ್ಗಿದವರಿಗೆ ಬೇಕು.

ಈ ಹೆಸರುಗಳು ಗೊತ್ತಾದ ಮಾತ್ರಕ್ಕೆ ಗುಣವಾಗುವುದಿಲ್ಲ. ‘ನಾನು ಓವರ್‌ಥಿಂಕ್ ಮಾಡ್ತೀನಿ, ನನಗೆ ಆಂಗ್ಸೈಟಿ ಇದೆ’ ಎಂದು ಹೇಳಿಕೊಳ್ಳುವವರು ಇಂದು ಬಹಳ. ಹೇಳಿಕೊಳ್ಳುವ ನಾಚಿಕೆ ಹೋಗಿದ್ದು ಒಳ್ಳೆಯದೇ. ಆದರೆ ಹೆಸರು ಸಿಕ್ಕ ಮೇಲೆ ಕೆಲವರು ಅಲ್ಲೇ ಕೂತುಬಿಡುತ್ತಾರೆ. ಇನ್ನು ಕೆಲವರು ಆ ಹೆಸರನ್ನು ಜಗಳಕ್ಕೆ ಬಳಸುತ್ತಾರೆ. ಗಂಡ ಹೆಂಡತಿ ಒಬ್ಬರಿಗೊಬ್ಬರು ‘ನೀನು ಗ್ಯಾಸ್‌ಲೈಟ್ ಮಾಡ್ತಿದೀಯ’ (ನನಗೆ ನನ್ನ ಮೇಲೇ ಅನುಮಾನ ಬರೋ ಹಾಗೆ ಮಾಡ್ತಿದೀಯ) ಎಂದರೆ ಮುಂದೆ ಮಾತು ಉಳಿಯುವುದಿಲ್ಲ.

ಈಗ ಹೊಸದಾಗಿ ಬಂದಿರುವುದು ಎಐ ಚಾಟ್‌ಬಾಟ್. ರಾತ್ರಿ ಎರಡಕ್ಕೂ ಉತ್ತರಿಸುತ್ತದೆ, ಕನ್ನಡವೂ ಬರುತ್ತದೆ, ಬೈಯುವುದಿಲ್ಲ. ಒಂಟಿಯಾಗಿ ಒದ್ದಾಡುವವರಿಗೆ ಅದೂ ಒಂದು ಕಿವಿ. ಆದರೆ ರವಿಯಂಥವರಿಗೆ ಅಪಾಯ ಅಲ್ಲೇ ಇದೆ. ಹೆಂಡತಿ ಹತ್ತನೇ ಸಲಕ್ಕೆ ಸುಸ್ತಾಗುತ್ತಾರೆ, ಯಂತ್ರ ನೂರನೇ ಸಲವೂ ‘ಚಿಂತಿಸಬೇಡಿ, ಆದರೆ ವೈದ್ಯರನ್ನು ಕಾಣುವುದು ಉತ್ತಮ’ ಎನ್ನುತ್ತದೆ. ದಣಿವಿಲ್ಲದೆ ಧೈರ್ಯ ಹೇಳುವ ಯಂತ್ರ ಅದು. ಬರೆಯುವ ಹೋಮ್‌ವರ್ಕಿಗೆ ಬಳಸಿ. ‘ನನಗೇನೂ ಆಗಲ್ಲ ಅಲ್ವಾ’ ಎಂದು ಕೇಳಲು ಬಳಸಬೇಡಿ.

ಯೋಚನೆ ಸರಿಯಿದ್ದರೆ?

‘ಕ್ಲಾಸಿನಲ್ಲಿ ಎಲ್ಲರೂ ನನ್ನನ್ನು ಕೀಳಾಗಿ ನೋಡುತ್ತಾರೆ.’ ಒಬ್ಬ ದಲಿತ ವಿದ್ಯಾರ್ಥಿ ಹೀಗೆಂದರೆ, ಅದು ಬೇರೆಯವರ ಮನಸ್ಸು ಓದುವ ತಪ್ಪೇ? ಇರಬಹುದು. ಕೀಳಾಗಿ ನೋಡುತ್ತಿರುವುದು ನಿಜವೂ ಇರಬಹುದು. ಕೇಳದೆ, ವಿವರ ತಿಳಿಯದೆ ‘ನೀವು ಹಾಗೆ ಅಂದ್ಕೊಳ್ತಿದೀರಿ’ ಎನ್ನುವ ಥೆರಪಿಸ್ಟ್ ಕೆಟ್ಟ ಥೆರಪಿಸ್ಟ್. ಹೊಡೆಯುವ ಗಂಡನ ಮನೆಯಲ್ಲಿರುವ ಹೆಂಗಸಿನ ಭಯ ಯೋಚನೆಯ ದೋಷವಲ್ಲ. ಮೂರು ತಿಂಗಳಿಂದ ಸಂಬಳ ಬರದವನ ಚಿಂತೆಯೂ ಅಲ್ಲ. ‘ಸೊಸೆ ಅಂದಮೇಲೆ ಹೀಗೇ ಇರಬೇಕು’ ಎಂಬ ‘ಬೇಕು’ಗಳನ್ನು ಸಡಿಲ ಮಾಡಿಕೊಳ್ಳಿ ಎಂದು ಎಲಿಸ್ ಮಾದರಿಯ ಥೆರಪಿಸ್ಟ್ ಹೇಳಬಹುದು. ಆದರೆ ಆ ‘ಬೇಕು’ ಅವಳ ತಲೆಯಲ್ಲಿ ಮಾತ್ರ ಇಲ್ಲ, ಇಡೀ ಮನೆಯಲ್ಲಿದೆ. ಅವಳೊಬ್ಬಳೇ ಸಡಿಲಿಸಿದರೆ ಅದರ ಬೆಲೆಯನ್ನೂ ಅವಳೇ ಕೊಡಬೇಕು. ಸಿಬಿಟಿ ಮೇಲೆ ಬಂದಿರುವ ಟೀಕೆಗಳಲ್ಲಿ ನನಗೆ ನ್ಯಾಯವಾದದ್ದು ಎನಿಸುವುದು ಇದು.

ಇನ್ನೊಂದು ಪ್ರಶ್ನೆ ಒಳಗಿನಿಂದಲೇ ಬಂತು. ಅಮೆರಿಕದ ಮನಶ್ಶಾಸ್ತ್ರಜ್ಞ ನೀಲ್ ಜೇಕಬ್‌ಸನ್ ಮತ್ತು ಸಂಗಡಿಗರು 1996ರಲ್ಲಿ ಖಿನ್ನತೆಯ ಚಿಕಿತ್ಸೆಯನ್ನು ಬಿಡಿಬಿಡಿಯಾಗಿ ಹೋಲಿಸಿದರು. ಯೋಚನೆ ತಿದ್ದುವ ಭಾಗವನ್ನೇ ಬಿಟ್ಟು, ದಿನಚರಿ ಹಾಕಿಕೊಂಡು ಕೆಲಸಗಳಿಗೆ ಮರಳುವ ಭಾಗವನ್ನು ಮಾತ್ರ ಕೊಟ್ಟವರೂ ಹೆಚ್ಚುಕಡಿಮೆ ಅಷ್ಟೇ ಸುಧಾರಿಸಿದ್ದರು. ಅಂದರೆ ತಲೆಯೊಳಗಿನ ವಾದಕ್ಕಿಂತ ಕೈಕಾಲಿನ ಕೆಲಸಕ್ಕೆ ಬಲ ಜಾಸ್ತಿ ಇರಬಹುದು. ಆಮೇಲೆ ಬಂದ ಕೆಲವು ಪದ್ಧತಿಗಳು ಯೋಚನೆಯ ಜೊತೆ ವಾದಿಸುವುದನ್ನೇ ಬಿಟ್ಟವು. ‘ನಾನು ಸಾಯ್ತೀನಿ’ ಎನ್ನುವ ಬದಲು ‘ಸಾಯ್ತೀನಿ ಅನ್ನೋ ಯೋಚನೆ ಬಂತು’ ಎಂದು ದೂರದಿಂದ ನೋಡಿ, ಕೈಲಿದ್ದ ಕೆಲಸ ಮುಂದುವರಿಸಲು ಕಲಿಸುತ್ತವೆ. ಹಳೆಯ ಗಾಯ, ಸಂಬಂಧಗಳ ಗಂಟು ಇರುವವರಿಗೆ ಬೇರೆ ಬಗೆಯ, ದೀರ್ಘಕಾಲದ ಥೆರಪಿಗಳಿವೆ. ಕೆಲವರಿಗೆ ಮಾತ್ರೆಯೂ ಬೇಕು. ಮಾತ್ರೆ ಬೇಕಾಗುವುದು ಸೋಲಲ್ಲ.

ಸಿಗುವುದು ಎಲ್ಲಿ

ನಿಮ್ಹಾನ್ಸ್ ನೇತೃತ್ವದಲ್ಲಿ 2015–16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ಖಿನ್ನತೆ, ಆತಂಕದಂಥ ಸಾಮಾನ್ಯ ತೊಂದರೆ ಇದ್ದವರಲ್ಲಿ ಸುಮಾರು 85% ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. (ಸಮೀಕ್ಷೆ ನಡೆದ 12 ರಾಜ್ಯಗಳಲ್ಲಿ ಕರ್ನಾಟಕವೇ ಇರಲಿಲ್ಲ. ಸಂಸ್ಥೆ ಇಲ್ಲಿಯದು, ಲೆಕ್ಕ ಬೇರೆ ಊರಿನದು.) ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ದಿನದ 24 ಗಂಟೆ, ಕನ್ನಡದಲ್ಲೂ ಮಾತಾಡಬಹುದು. ಸಾಯುವ ಯೋಚನೆ ಬರುತ್ತಿದ್ದರೆ ಕಾಯದೆ ಮಾಡಬೇಕಾದ ಕರೆ ಅದು. ಜಿಲ್ಲಾಸ್ಪತ್ರೆಗಳಲ್ಲಿ ಮಾನಸಿಕ ಆರೋಗ್ಯ ವಿಭಾಗ ಇದೆ. ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ಮನೋಚೈತನ್ಯ ಕಾರ್ಯಕ್ರಮ ಮಂಗಳವಾರದ್ದು. ಆದರೆ ಸರ್ಕಾರಿ ಒಪಿಡಿಯ ಜನಸಂದಣಿಯಲ್ಲಿ ಮಾತ್ರೆ ಬರೆಯಲು ಸಮಯ ಸಿಗುತ್ತದೆ, ಆರು ಕಾಲಂ ಓದಲು ಸಿಗುವುದಿಲ್ಲ. ಬೆಂಗಳೂರಿನಲ್ಲಿ ಖಾಸಗಿಯಾಗಿ ಹೋದರೆ ಒಂದು ಸೆಷನ್ನಿಗೆ ಸಾವಿರ ರೂಪಾಯಿ ಆಸುಪಾಸು, ಅನೇಕ ಕಡೆ ಇನ್ನೂ ಜಾಸ್ತಿ. ಹೋಗುವ ಮೊದಲು ಅವರ ಓದು ಏನು ಎಂದು ಕೇಳಿ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಬೋರ್ಡು ಹಾಕಲು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು. ಕೌನ್ಸೆಲರ್ ಎಂದು ಬೋರ್ಡು ಹಾಕಲು ಸದ್ಯಕ್ಕೆ ಅಷ್ಟು ಕಟ್ಟುನಿಟ್ಟಿಲ್ಲ. ನಾಲ್ಕೈದು ಭೇಟಿಯಾದ ಮೇಲೂ ಗುರಿ ಏನು, ಯೋಜನೆ ಏನು ಎಂದು ಹೇಳದೆ ಬರೀ ಸಮಾಧಾನ ಮಾಡಿ ಕಳಿಸುತ್ತಿದ್ದರೆ ಬೇರೆಯವರನ್ನು ಹುಡುಕಿ.

ಇದಕ್ಕೆಲ್ಲ ದೊಡ್ಡ ಓದಿನವರೇ ಬೇಕಾ ಎಂಬ ಪ್ರಶ್ನೆಗೆ ನಮ್ಮ ಅಕ್ಕಪಕ್ಕದಲ್ಲೇ ಉತ್ತರ ಸಿಕ್ಕಿದೆ. ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳಲ್ಲಿ ಖಿನ್ನತೆಯಿದ್ದ ಗರ್ಭಿಣಿಯರ ಮನೆಗೆ ಹೋಗಿ, ಅಲ್ಲಿನ ಆರೋಗ್ಯ ಕಾರ್ಯಕರ್ತೆಯರೇ ಸಿಬಿಟಿ ಆಧರಿಸಿದ ಮಾತುಕತೆ ನಡೆಸಿದರು. 2008ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಹೆರಿಗೆಯಾದ ಆರು ತಿಂಗಳ ನಂತರ ಆ ಗುಂಪಿನಲ್ಲಿ 23% ತಾಯಂದಿರಿಗೆ ಮಾತ್ರ ಖಿನ್ನತೆ ಉಳಿದಿತ್ತು, ಬರೀ ಮಾಮೂಲಿ ಭೇಟಿ ಸಿಕ್ಕ ಗುಂಪಿನಲ್ಲಿ 53%. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತರಬೇತಿ ಪಡೆದ ಸಾಮಾನ್ಯ ಜನರು ಆರರಿಂದ ಎಂಟು ಭೇಟಿಗಳಲ್ಲಿ, ಜೇಕಬ್‌ಸನ್ ಹೇಳಿದ ಆ ‘ಕೆಲಸಕ್ಕೆ ಮರಳುವ’ ಭಾಗವನ್ನೇ ಮುಖ್ಯವಾಗಿ ಬಳಸಿ ತೀವ್ರ ಖಿನ್ನತೆಯವರಿಗೆ ನೆರವಾದರು. ಮೂರು ತಿಂಗಳಲ್ಲಿ ಅವರಲ್ಲಿ 64% ಮಂದಿ ಚೇತರಿಸಿಕೊಂಡಿದ್ದರು. ಈ ನೆರವು ಸಿಗದವರಲ್ಲಿ 39%.

ಕರ್ನಾಟಕದಲ್ಲಿ ಸುಮಾರು 42 ಸಾವಿರ ಆಶಾ ಕಾರ್ಯಕರ್ತೆಯರಿದ್ದಾರೆ. ಮನೆಮನೆ ಗೊತ್ತು, ಆ ಮನೆಯ ಭಾಷೆ ಗೊತ್ತು, ಯಾರ ಮನೆಯಲ್ಲಿ ಸಾಲದ ಗುಟ್ಟಿದೆ ಎಂಬುದೂ ಗೊತ್ತು. ರಾವಲ್ಪಿಂಡಿಯಲ್ಲಿ ಆದದ್ದು ಅರಸೀಕೆರೆಯಲ್ಲಿ ಆಗದೇ ಇರಲು ಕಾರಣವಿಲ್ಲ. ಆದರೆ ಇದೇ ಆಶಾ ಕಾರ್ಯಕರ್ತೆಯರು 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಹಗಲು ರಾತ್ರಿ ಕೂತು ಕೇಳಿದ್ದು ನೆಟ್ಟಗಿನ ಗೌರವಧನವನ್ನು. ಸಮೀಕ್ಷೆ, ಲಸಿಕೆ, ಆ್ಯಪ್ ತುಂಬುವ ಕೆಲಸಗಳ ಮೇಲೆ ಇದನ್ನೂ ಪುಕ್ಕಟೆಯಾಗಿ ಹೊರಿಸುವ ಯೋಜನೆ ಯಾರಾದರೂ ತಂದರೆ, ಅದು ಕಾಗದದಲ್ಲೇ ಉಳಿಯುತ್ತದೆ. ತರಬೇತಿ, ಮೇಲ್ವಿಚಾರಣೆಗೆ ಒಬ್ಬ ಸೈಕಾಲಜಿಸ್ಟ್, ಪ್ರತಿ ಭೇಟಿಗೆ ದುಡ್ಡು, ಈ ಮೂರನ್ನೂ ಬಜೆಟ್ಟಿನಲ್ಲಿ ಬರೆದು ಒಂದು ತಾಲ್ಲೂಕಿನಲ್ಲಿ ಶುರು ಮಾಡಿದರೂ ಸಾಕು. ಹಾಸನ ಜಿಲ್ಲೆಯಿಂದಲೇ ಆಗಬಹುದು.